ಗುಂಡಪ್ಪ ಮಾಮಾನ ಟವಲು

ಗುಂಡಪ್ಪ ಮಾಮಾ ಯಾವುದೇ ವಸ್ತುವಿನ ಬೆಲೆಯನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನಂತೂ ಕೇಳಿಲ್ಲ. ಎತ್ತಿರಲಿ, ಎಮ್ಮೆಯಿರಲಿ, ಉಮರ್ಗಾ ಬಜಾರಿನ ಬದನೆಕಾಯಿಯಿರಲಿ, ಬೆಲೆಯ ಮಾತು ಬಂತೆಂದರೆ ಅವನ ಹೆಗಲ ಮೇಲಿನ ಕೆಂಪು ಚೌಕಳಿ ಟವಲು ಕೆಳಗಿಳಿಯುತ್ತಿತ್ತು. ಎದುರಿನವರ ಕೈ ಹಿಡಿದು, ಅದರ ಮೇಲೆ ಟವಲು ಹೊದಿಸಿ, ಒಳಗೊಳಗೇ ಬೆರಳು ಅಮುಕುತ್ತ, ಮುಖ ಮಾತ್ರ ಮೋಡ ನೋಡುವವನ ಹಾಗೆ ಮೇಲೆ ಮಾಡಿಕೊಂಡು ನಿಂತುಬಿಡುತ್ತಿದ್ದ. ದನದ ಸಂತೆಯಲ್ಲಿ ದಲಾಲರು ಮಾಡುವುದೇ ಹೀಗೆ, ಒಪ್ಪಿದೆ. ಆದರೆ ಬದನೆಕಾಯಿ ಮಾರುವ ಮುದುಕನಿಗೆ ಅದೆಲ್ಲ ಏನು ಗೊತ್ತು? "ಅಹೋ, ಹಾತ್ ಸೋಡಾ ಕೀ" ಎಂದು ಮರಾಠಿಯಲ್ಲಿ ಬೈದು ಅವನು ಕೈ ಕಿತ್ತುಕೊಂಡಾಗ ನಾನು ಪಕ್ಕದ ಬಳೆ ಅಂಗಡಿಯ ಕಡೆ ತಿರುಗಿ, ಈ ಮನುಷ್ಯನಿಗೂ ನನಗೂ ಸಂಬಂಧವೇ ಇಲ್ಲ ಎಂಬಂತೆ ನಿಂತಿದ್ದೆ.

ಮಾಮಾ ಅಂದರೆ ನಮ್ಮವ್ವನ ತಮ್ಮ, ದೇವಣಿಯವನು. ದೇವಣಿ, ಉದಗೀರ, ನಿಲಂಗಾ ಎಂದು ಸಂತೆಯಿಂದ ಸಂತೆಗೆ ತಿರುಗಿ ದನದ ದಲಾಲಿ ಮಾಡುವುದೇ ಅವನ ಕಸುಬು. ಹಣೆ ತುಂಬ ವಿಭೂತಿ, ತಲೆಗೆ ಬಿಳಿ ಟೊಪ್ಪಿಗೆ, ಕಾಲಿಗೆ ಯಾವತ್ತೂ ಹಿಮ್ಮಡಿ ಸವೆದ ಚಪ್ಪಲಿ. ಅವನು ಬಂದರೆ ಮನೆಗೆ ಮೊದಲು ದನದ ವಾಸನೆ ಬರುತ್ತಿತ್ತು, ಆಮೇಲೆ ದನಿ, ಕೊನೆಗೆ ಮಾಮಾ. ಮಾತು ಅಂದರೆ ಮಾತು. ಯಾರ ಮನೆಯ ಎಮ್ಮೆ ಈಯಿತು, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಎಲ್ಲ ಹೇಳುತ್ತಿದ್ದ. ಅಂಕಿ ಬಂದಲ್ಲಿ ಮಾತ್ರ ಬಾಯಿಗೆ ಬೀಗ. ನನ್ನ ಮದುವೆಯ ಮುಂಚೆ ಬೀಗರು, ನಿಮ್ಮ ಕಡೆಯಿಂದ ಊಟಕ್ಕೆ ಎಷ್ಟು ಮಂದಿ ಬರುತ್ತೀರಿ ಎಂದು ಕೇಳಿದರೆ ಅವರ ಕೈ ಹಿಡಿದು ಟವಲು ಹಾಕಿದ. ಪಾಪ, ಅವರು ಕಿರಾಣಿ ವ್ಯಾಪಾರದವರು, ಪ್ರೀತಿಯಿಂದ ಕೈ ಹಿಡಿದಾನೆ ಎಂದುಕೊಂಡು ತಾವೂ ಪ್ರೀತಿಯಿಂದ ಅಮುಕಿದರು. ಮದುವೆಯ ದಿನ ಎರಡನೇ ಪಂಕ್ತಿಗೇ ಹುಗ್ಗಿ ಮುಗಿದುಹೋಯಿತು. ಇವತ್ತಿಗೂ ನಮ್ಮತ್ತೆ ಅದನ್ನು ಎತ್ತಿ ಆಡುತ್ತಾರೆ.

ನಿಲಂಗಾದ ಡಾಕ್ಟರರದೂ ಅದೇ ಪಾಡು. ಜ್ವರ ಬಂದು ಎಷ್ಟು ದಿನವಾಯಿತು ಎಂದು ಅವರು ನಾಡಿ ಹಿಡಿದರೆ, ಇವನು ತಿರುಗಿ ಅವರ ಬೆರಳು ಹಿಡಿದನಂತೆ.

ಯಾಕೆ ಹೀಗೆ ಮಾಡುತ್ತೀ ಎಂದು ಒಮ್ಮೆ ಕೇಳಿದ್ದೆ. ಅವತ್ತು ಅವನು ನಗಲಿಲ್ಲ. "ನೋಡವಾ ನೀಲಾ, ಮಾರಾಂವಗ ಎಂಥ ಅಡಚಣಿ ಇರ್ತದೋ ಏನೋ, ಕಡಿಮಿಗಿ ಕೊಟ್ಟುಬಿಡ್ತಾನ. ತೊಗೊಳ್ಳಾಂವ ಆಸೇಕ್ಕ ಬಿದ್ದು ಜಾಸ್ತಿ ಕೊಡ್ತಾನ. ನಾಕ ಮಂದಿ ಮುಂದ ಅದು ಬಾಯಾಗ ಬಂತಂದ್ರ ಇಬ್ಬರ ಮಾನಾನೂ ಹೋಯ್ತು. ಅದಕ್ಕ ಟವಲ್ ಹಾಕೋದು. ಟವಲ್ ಕೆಳಗಿಂದು ಮ್ಯಾಲ ತರಬಾರದು" ಅಂದ.

ಲೆಕ್ಕವೇನೋ ಸರಳ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಬೆರಳಿಗೆ ನೂರೋ, ಸಾವಿರವೋ, ಹತ್ತು ಸಾವಿರವೋ ಎಂಬುದನ್ನು ಮೊದಲೇ ಕಿವಿಯಲ್ಲಿ ಹೇಳಿಕೊಂಡಿರುತ್ತಾರೆ. ಕೊಳ್ಳುವವನ ಕಡೆಯವರು ಯಾರೇ ಹಿಡಿದಿರಲಿ, ಆ ಹಿಡಿತಕ್ಕೆ ಮಾರುವವನು "ದಿಯಾ", ಅಂದರೆ ಕೊಟ್ಟೆ, ಎಂದು ಟವಲು ಸರಿಸಿದರೆ ಮುಗಿಯಿತು. ಆಮೇಲೆ ಸಾಕ್ಷಾತ್ ಶಿವನೇ ಇಳಿದು ಬಂದರೂ ಆ ಮಾತು ತಿರುಗುವುದಿಲ್ಲ.

ಇಂಥ ಮಾಮಾನ ಕೈಗೆ ನನ್ನ ಮಗಳ ಕುದುರೆಯ ವ್ಯವಹಾರ ಹೋಗಿ ಬಿತ್ತು.

ಮುರುಮದಲ್ಲಿ ನಮ್ಮದು ಕಿರಾಣಿ ಅಂಗಡಿ, ಅದರ ಹಿಂದೆಯೇ ಮನೆ. ಓಣಿಯಲ್ಲಿ ಒಂದು ಮದುವೆಯಾಯಿತು. ಮದುಮಗ ಕುದುರೆಯಿಂದ ಇಳಿದ ಮೇಲೆ ಫೋಟೋಕ್ಕೆಂದು ನಮ್ಮ ಅಂಬಿಕಾಳನ್ನು ಹತ್ತಿಸಿದರು. ಹತ್ತಿದವಳು ಇಳಿಯಲೊಲ್ಲಳು. ಕುದುರೆಯವನು ಬೇರೆ ಮದುವೆಗೆ ಹೊತ್ತಾಯಿತು ಎಂದು ಗೋಗರೆದ. ಇವಳು ಜೂಲು ಗಟ್ಟಿಯಾಗಿ ಹಿಡಿದು, "ನಾನೂ ಬರ್ತೀನಿ ನಡೀ" ಅಂದಳು. ಬಸ್‌ಸ್ಟ್ಯಾಂಡಿನ ತನಕ ಹಾಗೇ ಹೋಗಿ, ಅಲ್ಲಿ ಐಸ್‌ಕ್ರೀಂ ತೋರಿಸಿ ಇಳಿಸಬೇಕಾಯಿತು. ಅವತ್ತಿನಿಂದ ಶುರುವಾಯಿತು ನೋಡಿ. ಊಟಕ್ಕೆ ಕೂತರೆ ಕುದುರೆ, ಶಾಲೆಯ ಚಿತ್ರದ ವಹಿ ತುಂಬ ಕುದುರೆ. ಹಿತ್ತಲಿನ ಕೊಟ್ಟಿಗೆ ಎಮ್ಮೆ ಹೋದ ಮೇಲೆ ಖಾಲಿ ಇತ್ತು. ಅದನ್ನು ತಾನೇ ಗುಡಿಸಿ, ಬಾಗಿಲಿಗೆ ಮಾವಿನ ಎಲೆ ಕಟ್ಟಿ, ಒಳಗೆ ಒಬ್ಬಳೇ ಕೂತುಬಿಟ್ಟಳು. ಅದನ್ನು ನೋಡಿ ಅವಳಪ್ಪನ ಎದೆ ಕರಗಿತು. ನನ್ನದು ಮೊದಲೇ ಕರಗಿತ್ತು, ಹೇಳಿರಲಿಲ್ಲ ಅಷ್ಟೇ.

ನಮ್ಮವರು ಫೋನಿನಲ್ಲಿ ಕುದುರೆಯ ವಿಡಿಯೋ ನೋಡತೊಡಗಿದರು. ಡೋಲಿಗೆ ಕುಣಿಯುವ ಬಿಳಿ ಕುದುರೆ, ಎರಡು ಕಾಲ ಮೇಲೆ ನಿಲ್ಲುವ ಕರಿ ಕುದುರೆ. ಬೆಲೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಕೊನೆಗೆ ಸೋತು ಮಾಮಾನಿಗೆ ಫೋನು ಹಚ್ಚಿದರು. ಮಾಮಾ ವಿಡಿಯೋ ನೋಡಲೇ ಇಲ್ಲ. "ಅಳ್ಯಾರ, ಕೂಸಿಗಿ ಮೊದಲ್ನೇ ಕುದುರಿ ತೊಗೊಳ್ಳಾಗ ಹೆಣ್ಣ ನೋಡಿದಂಗ ನೋಡಬಾರದ್ರಿ, ಅತ್ತಿ ನೋಡಿದಂಗ ನೋಡಬೇಕು. ಚಂದ ಏನ್ ಮಾಡೂದದ? ಕೂಸಿಗಿ ಸಂಭಾಳಿಸ್ತದೋ ಇಲ್ಲೋ ಅದು ನೋಡಬೇಕು" ಅಂದ. ನಮ್ಮವರು ಮಾಮಾನ ಭಾಷೆಯಲ್ಲೇ ಗಡಿ ಹಾಕಿದರು. ಬೆರಳಿಗೆ ಹತ್ತು ಸಾವಿರದ ಲೆಕ್ಕದಲ್ಲಿ ಮೂರು ಬೆರಳು, ಅದರ ಮೇಲೆ ಒಂದು ಉಗುರೂ ಇಲ್ಲ. ಅದಕ್ಕಿಂತ ಮೇಲೆ ಹೋದರೆ ಕುದುರೆಯೂ ಬೇಡ, ಕುದುರೆಯ ಮಾತೂ ಬೇಡ. ಅಂಗಡಿಯ ಮನುಷ್ಯ, ಒಮ್ಮೆ ಹೇಳಿದರೆ ಹೇಳಿದ್ದೇ. ಅಂಬಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

ಮೊದಲು ನಿಲಂಗಾಕ್ಕೆ ಹೋದೆವು. ಅಲ್ಲೊಂದು ಬಿಳಿ ಕುದುರೆ, ದಂತದ ಗೊಂಬೆ. ಗಂಟಲ ಕೆಳಗೆ ದೇವಮಣಿ ಸುಳಿ. ಕುದುರೆಯ ಕೂದಲು ಅಲ್ಲಿ ಸುಳಿದಿದ್ದರೆ ಮನೆಗೆ ಲಕ್ಷ್ಮಿ ಬರುತ್ತಾಳೆ ಎನ್ನುತ್ತಾರೆ. ನಮ್ಮವರು ಕೈ ಮುಗಿಯುವುದೊಂದೇ ಬಾಕಿ. ಮಾಮಾ ದೂರದಲ್ಲಿ ಕೂತು ಶೇಂಗಾ ಸುಲಿದು ತಿನ್ನುತ್ತಿದ್ದ. ತಿಂದು ಮುಗಿಸಿ, ನನ್ನ ಬುತ್ತಿಡಬ್ಬಿಯ ಮುಚ್ಚಳ ಕೇಳಿ ತೆಗೆದುಕೊಂಡು, ಏನೂ ಹೇಳದೆ ಕುದುರೆಯ ಹಿಂದೆ ಫರಸಿ ಕಲ್ಲಿನ ನೆಲದ ಮೇಲೆ ಬೀಳಿಸಿದ. ಠಣ್ ಎಂದಿತು. ಬಿಳಿ ಕುದುರೆ ಹಗ್ಗ ಹರಿದುಕೊಂಡು ಹಾರಿತು, ಅದನ್ನು ಹಿಡಿಯಲು ಮಾಲೀಕನ ಮನೆಯವರೆಲ್ಲ ಓಡಿದರು. ಮಾಮಾ ಮುಚ್ಚಳ ಒರೆಸಿ ನನಗೆ ಕೊಟ್ಟು, ಇದು ಮದುಮಗನಿಗೆ ಇರಲಿ, ಅವನು ಹೇಗೂ ಬೀಳಲೆಂದೇ ಹೊರಟವನು ಅಂದ.

ಮುಂದಿನ ವಾರ ಉದಗೀರ. ಅಲ್ಲಿ ಇಸ್ಮಾಯಿಲ್ ಭಾಯಿ ಎಂಬವರು ಮದುವೆಗೆ ಕುದುರೆ ಕೊಡುವ ಧಂದೆಯವರು. ಅವರ ಅಂಗಳದ ಮೂಲೆಯಲ್ಲಿ ಒಂದು ಕಂದು ತಟ್ಟು, ಗಿಡ್ಡ ಜಾತಿಯ ಕುದುರೆ, ಮೇವು ತಿನ್ನುತ್ತಿತ್ತು. ಗಿಡ್ಡ ಕಾಲು, ಜೋತ ಹೊಟ್ಟೆ, ಹಣೆಯ ಕೂದಲು ಕಣ್ಣ ಮೇಲೆ. ಹೆಸರು ತೂಫಾನ್ ಅಂತೆ. ನನಗೆ ನಗು ತಡೆಯಲಾಗಲಿಲ್ಲ. ಬೆನ್ನ ಮೇಲೆ ಕೆಟ್ಟ ಸುಳಿ ಬೇರೆ. ಸವಾರನಿಗೆ ಕೇಡು ಎಂದು ಯಾವ ಮದುವೆಯವರೂ ಅದನ್ನು ಕರೆಯುತ್ತಿರಲಿಲ್ಲ. ಇಸ್ಮಾಯಿಲ್ ಭಾಯಿಯ ಮಕ್ಕಳೆಲ್ಲ ಅದರ ಮೇಲೆಯೇ ಸವಾರಿ ಕಲಿತು ದೊಡ್ಡವರಾಗಿದ್ದರು.

ಮಾಮಾ ಮುಚ್ಚಳ ಬೀಳಿಸಿದ. ತೂಫಾನ್ ತಲೆ ತಿರುಗಿಸಿ ಮುಚ್ಚಳ ನೋಡಿತು, ಮಾಮಾನನ್ನು ನೋಡಿತು, ಮತ್ತೆ ಮೇವಿಗೆ ಬಾಯಿ ಹಾಕಿತು. ಅಂಬಿಯ ಕಿಸೆಯಲ್ಲಿ ಬೆಲ್ಲದ ಹೆಂಟೆ ಇತ್ತು. ಅದನ್ನು ಅವಳಿಗಿಂತ ಮೊದಲು ಪತ್ತೆ ಹಚ್ಚಿ ಮುಗಿಸಿತು. ನಂತರ ಅವಳನ್ನು ಹತ್ತಿಸಿದರು. ಖುಷಿಯಲ್ಲಿ ಎಷ್ಟು ಜೋರಾಗಿ ಹಾರಿದಳೆಂದರೆ, ಈ ಕಡೆ ಹತ್ತಿದವಳು ಆ ಕಡೆ ಜಾರಿ ನೇರ ಅದರ ಹೊಟ್ಟೆಯ ಕೆಳಗೆ ಬಿದ್ದಳು. ನಾಲ್ಕು ಗೊರಸಿನ ನಡುವೆ ನನ್ನ ಮಗಳು. ತೂಫಾನ್ ಒಂದು ಹಿಂಗಾಲು ಎತ್ತಿತ್ತು, ನೊಣ ಓಡಿಸಲಿಕ್ಕೆ. ಎತ್ತಿದ ಕಾಲನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನಿಂತಿತು. ಅಂಬಿ ತೆವಳಿಕೊಂಡು ಹೊರಗೆ ಬಂದು, ಎದ್ದು, ಲಂಗ ಝಾಡಿಸಿಕೊಂಡ ಮೇಲೆ ನಿಧಾನಕ್ಕೆ ಕೆಳಗಿಟ್ಟಿತು.

ಮಾಮಾನ ಮುಖ ನೋಡಿದೆ. ಕಣ್ಣು ತುಂಬಿದ್ದವು. ಟವಲಿನಿಂದ ಒರೆಸಿಕೊಂಡು, ಅದೇ ಟವಲು ಝಾಡಿಸಿ, ಒಮ್ಮೆಲೇ ದಲಾಲ ಆಗಿಬಿಟ್ಟ. ಏನು ಬೈದ, ಏನು ಬೈದ! ಹಲ್ಲು ಸವೆದು ಹೋಗ್ಯಾವ ಅಂದ. ಹೊಟ್ಟೆಯೋ ಗುಡಾಣವೋ ಅಂದ. ಇಂಥಾ ಸುಳಿಯ ಕುದುರೆಯನ್ನು ನಮ್ಮ ಮನೆಗೆ ಕಟ್ಟಲು ಬಂದೀರಾ ಅಂದ. ಎಲ್ಲವೂ ಬೆಲೆ ಇಳಿಸುವ ಆಟ. ಅಂಬಿಗೆ ಅದೆಲ್ಲಿ ತಿಳಿಯಬೇಕು? ಅಳುತ್ತ ಹೋಗಿ ತೂಫಾನ್‌ನ ಎರಡೂ ಕಿವಿ ಮುಚ್ಚಿ ಹಿಡಿದುಕೊಂಡಳು. ಸುಳಿ ಖರೆಯೇ ಕೆಟ್ಟದ್ದೇನೋ ಎಂದು ನಾನು ಸಣ್ಣಗೆ ಕೇಳಿದರೆ ಮಾಮಾ ನನ್ನ ಕಿವಿಯಲ್ಲಿ, ಜೀನು ಹಾಕಿದರೆ ಮುಚ್ಚಿಹೋಗುತ್ತದೆ, ಸುಮ್ಮನಿರು ಅಂದ.

ಟವಲು ಬಿತ್ತು. ಮಾಮಾ ಮೋಡ ನೋಡಿದ, ಇಸ್ಮಾಯಿಲ್ ಭಾಯಿ ಗೋಡೆ ನೋಡಿದರು. ಒಳಗೆ ಬೆರಳುಗಳು ಹುಳುಗಳ ಹಾಗೆ ಮಿಸುಕಾಡಿದವು. ಭಾಯಿ ನಕ್ಕು ತಲೆಯಾಡಿಸಿದರು. ಮಾಮಾ ಮತ್ತೆ ಅಮುಕಿದ. ಅವರು ಮತ್ತೆ ತಲೆಯಾಡಿಸಿದರು. ಈ ಕಡೆ ನಮ್ಮವರು, ಮೂರರ ಮೇಲೆ ಇಲ್ಲ ಎಂದು ನೆನಪಿಸುವವರ ಹಾಗೆ ಕೆಮ್ಮಿದರು. ಬಹಳ ಹೊತ್ತು ಹೀಗೇ ನಡೆಯಿತು. ಕೊನೆಗೆ ಭಾಯಿ, "ಜಮ್ತಾ ನೈ, ಗುಂಡಪ್ಪಣ್ಣಾ. ಬ್ಯಾರೆ ಕಡೆ ನೋಡ್ರಿ" ಎಂದು ಕೈ ತೆಗೆಯಲು ಹೊರಟರು.

ಆಗ ಅಂಬಿ ಕುದುರೆಯ ಕಿವಿ ಬಿಟ್ಟು ಓಡಿ ಬಂದಳು. ಇಬ್ಬರ ನಡುವೆ ನುಗ್ಗಿ, ಟವಲಿನ ಕೆಳಗೆ ಕೈ ಹಾಕಿಯೇ ಬಿಟ್ಟಳು.

ಟವಲು ನಡುಗುತ್ತಿತ್ತು. ಇಸ್ಮಾಯಿಲ್ ಭಾಯಿಯ ಮುಖದಲ್ಲಿ ಮೊದಲು ಆಶ್ಚರ್ಯ ಬಂತು. ನಂತರ ಏನು ಬಂತೋ ನನಗೆ ಓದಲಾಗಲಿಲ್ಲ. ಮಾಮಾ ಮಾತ್ರ ಮೋಡ ನೋಡುವುದನ್ನು ಬಿಟ್ಟು ನೇರ ಭಾಯಿಯ ಕಣ್ಣನ್ನೇ ನೋಡುತ್ತಿದ್ದ. ಹಣೆಯ ವಿಭೂತಿಯ ಮೇಲೆ ಬೆವರು ಒಡೆದಿತ್ತು. ಭಾಯಿ ತೂಫಾನ್‌ನ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ಟವಲಿನೊಳಗೆ ಏನೋ ಮೆತ್ತಗೆ ಅಲುಗಾಡಿತು.

"ದಿಯಾ" ಅಂದರು ಭಾಯಿ. ಟವಲು ಸರಿಯಿತು.

ಮೂರು ಬೆರಳಿಗೇ ಮುಗಿದಿತ್ತು. ಕೂಸಿನ ಮುಖ ನೋಡಿ ಇಳಿಸಿದರು ಎಂದು ನಮ್ಮವರು ಉದಗೀರದಿಂದ ಮುರುಮದ ತನಕ ಹೊಗಳಿದ್ದೇ ಹೊಗಳಿದ್ದು. ಟೆಂಪೋದ ಹಿಂದೆ ತೂಫಾನ್, ಮುಂದೆ ನಾವು. ಮಾಮಾ ದಾರಿಯುದ್ದಕ್ಕೂ ಬಾಯಿ ತೆರೆಯಲಿಲ್ಲ, ಅದೇ ವಿಚಿತ್ರ. ಅಂಬಿ ನಡುವೆ ಒಮ್ಮೆ, "ಅವ್ವಾ, ಆ ಚಾಚಾ ನನ್ನ ಕೈ..." ಎಂದು ಶುರು ಮಾಡಿದಳು. ಮಾಮಾ ಅವಳ ಮೊಣಕಾಲು ತಟ್ಟಿ, "ಅಂಬವ್ವ, ಟವಲ್ ಕೆಳಗಿಂದು ಮ್ಯಾಲ ತರಬಾರದು" ಅಂದ. ಅವಳು ಬಾಯಿ ಮುಚ್ಚಿದಳು. ಎಂಥಾ ವಾಚಾಳಿ ನನ್ನ ಮಗಳು, ಆದರೆ ಆ ಮಾತು ಮುಂದೆ ಎಂದೂ ಎತ್ತಲಿಲ್ಲ.

ತೂಫಾನ್ ನಮ್ಮ ಮನೆಯಲ್ಲಿ ಹೆಸರಿಗೆ ತಕ್ಕ ಒಂದು ಕೆಲಸವನ್ನೂ ಮಾಡಲಿಲ್ಲ. ಕಬ್ಬಿನ ಗಾಡಿ ಎದುರಾದರೆ ನಿಲ್ಲುತ್ತಿತ್ತು, ಒಂದು ಗಳ ಎಳೆದುಕೊಂಡೇ ಮುಂದಕ್ಕೆ ಹೋಗುತ್ತಿತ್ತು. ಅಂಬಿ ಬಿದ್ದರೆ ನಿಲ್ಲುತ್ತಿತ್ತು. ಹೋಳಿಯ ಬೊಬ್ಬೆಗೂ ಬೆದರಲಿಲ್ಲ, ಟ್ರ್ಯಾಕ್ಟರಿಗೂ ಬೆದರಲಿಲ್ಲ. ಓಣಿಯ ಮಕ್ಕಳೆಲ್ಲ ಹತ್ತಿ ಇಳಿದರು. ಸುಳಿಯ ಮಾತು ಮೊದಮೊದಲು ಆಡಿದ ನಮ್ಮತ್ತೆ, ಆಮೇಲೆ ತಾವೇ ಸಂಜೆ ಅದಕ್ಕೆ ರೊಟ್ಟಿ ಒಯ್ದು ಕೊಡತೊಡಗಿದರು. ಮಾಮಾ ಬಂದಾಗೆಲ್ಲ ಮನೆಯೊಳಗೆ ಬರುವ ಮೊದಲು ಹಿತ್ತಲಿಗೆ ಹೋಗಿ ಅದನ್ನು ಬೈದು ಬರುತ್ತಿದ್ದ. ಬೈಯುವಾಗ ಅದರ ಕತ್ತು ತುರಿಸುತ್ತಿದ್ದ.

ಮಕ್ಕಳು ಬೆಳೆಯುತ್ತವೆ, ತಟ್ಟು ಬೆಳೆಯುವುದಿಲ್ಲ. ಅಂಬಿಯ ಕಾಲು ನೆಲಕ್ಕೆ ತಾಗುವಷ್ಟಾಯಿತು. ಸೈಕಲ್ ಬಂತು. ತೂಫಾನ್ ಕೊಟ್ಟಿಗೆಯಲ್ಲಿ ದಪ್ಪಗಾಗುತ್ತ ನಿಂತಿತು. ಉಮರ್ಗಾದಲ್ಲಿ ಬಟ್ಟೆ ಅಂಗಡಿಯ ಒಬ್ಬರು, ತಮ್ಮ ಸಣ್ಣ ಮಗಳಿಗೆ ಕೊಡುತ್ತೀರಾ ಎಂದು ಹೇಳಿ ಕಳಿಸಿದರು. ಅಂಬಿ ಒಂದು ದಿನ ಅತ್ತಳು, ಮರುದಿನ ತಾನೇ ಬಂದು, ಆ ಹುಡುಗಿ ಹತ್ತಲಿ ಅಂದಳು. ಆದರೆ ಎಷ್ಟು ಹೇಳುವುದು? ಹಲ್ಲು ಹೋಗುತ್ತಿದ್ದ ಮುದಿ ತಟ್ಟಿಗೆ ಬೆಲೆ ಎಂದು ಏನಿರುತ್ತದೆ? ನಾನು ದೇವಣಿಗೆ ಹೋದೆ.

ಮಾಮಾ ಆಗ ಹಾಸಿಗೆ ಹಿಡಿದಿದ್ದ. ಮೈ ಇಳಿದು ಕೈ ಮಾತ್ರ ದೊಡ್ಡದಾಗಿ ಉಳಿದಿತ್ತು. ನನ್ನನ್ನು ನೋಡಿ, ಆ ಗುಡಾಣ ಹೊಟ್ಟಿ ಹ್ಯಾಂಗದ ಎಂದು ಕೇಳಿದ. ನಾನು ವಿಷಯ ಹೇಳಿ ಕೈ ಚಾಚಿದೆ. ದಿಂಬಿನ ಬದಿಯಲ್ಲೇ ಟವಲು ಇತ್ತು. ಎಳೆದು ನಮ್ಮ ಕೈಗಳ ಮೇಲೆ ಹಾಕಿ, ನನ್ನ ಇಡೀ ಕೈಯನ್ನು ಗಪ್ಪನೆ ಹಿಡಿದ. ಐದು. ನಾನು ನಕ್ಕೆ. ಮೂರಕ್ಕೆ ತಂದದ್ದು ಮುದಿಯಾದ ಮೇಲೆ ಐದಾಗುತ್ತದೇನು ಮಾಮಾ ಅಂದೆ.

ಅವನು ಕೈ ಬಿಡಲಿಲ್ಲ. ನನ್ನ ಎರಡು ಬೆರಳನ್ನು, ಕಿರುಬೆರಳನ್ನೂ ಉಂಗುರದ ಬೆರಳನ್ನೂ, ಮೆಲ್ಲಗೆ ಮಡಚಿದ. ಮೂರು ಉಳಿದವು. ಆಗಲೂ ನನಗೆ ತಿಳಿಯಲಿಲ್ಲ. ಅವನು ಮೋಡ ನೋಡುವ ಹಾಗೆ ಸೂರಿನ ಕಡೆ ನೋಡುತ್ತ ಹೇಳಿದ: "ಇಸ್ಮಾಯಿಲ್ ನಾಕ ಕೇಳ್ಯಾನ. ನಾ ಎರಡರ ಮ್ಯಾಲ ಏರವಲ್ಲೆ. ನಿನ್ನ ಮಗಳು ಬಂದು ಅವನ ಇಡೀ ಕೈನೇ ಹಿಡದಾಳ. ನನ್ನ ಕೈ ಇನ್ನಾ ಅಲ್ಲೇ ಇತ್ತು. ಆ ಐದಕ್ಕ ಅಂವಾ ದಿಯಾ ಅಂದಿದ್ರ ಮುಗೀತಿತ್ತು. ಅಳ್ಯಾರು ಕೊಡ್ತಿದ್ದಿಲ್ಲ, ನಾ ಕೊಡಬೇಕಾಗ್ತಿತ್ತು, ಇಲ್ಲಾ ಟವಲ್ ಹೆಗಲಿನ ಮ್ಯಾಲಿಂದ ತೆಗೀಬೇಕಾಗ್ತಿತ್ತು. ಅಂವಾ ಕೂಸಿನ ಬೆರಳ ತಾನ ಮಡಚ್ಯಾನವ್ವ. ಒಂದಲ್ಲ, ಎರಡ."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳುವ ಹಾಗೂ ಇರಲಿಲ್ಲ. ಯಾಕೆಂದು ನನಗೇ ಗೊತ್ತಿತ್ತು. ಈಗಲೂ ಅವನು ಅದನ್ನು ಟವಲಿನ ಕೆಳಗೇ ಶುರು ಮಾಡಿದ್ದ.

"ಜೀವಮಾನೆಲ್ಲಾ ಹಲ್ಲ ನೋಡಿ ಬೆಲಿ ಕಟ್ಟೀನಿ," ಅಂದ. "ಆ ಕಾಲ ಎತ್ತಿ ನಿಂತದ್ದು ನಾನೂ ನೋಡೀನಿ, ಆದರೂ ಎರಡೇ ಹಿಡದೆ. ಅಂಬವ್ವ ಹಿಡದದ್ದ ಖರೆ ಕಿಮ್ಮತ್ತ." ಮಡಚಿದ ಬೆರಳುಗಳನ್ನು ಬಿಡಿಸಿ, ಮತ್ತೊಮ್ಮೆ ನನ್ನ ಇಡೀ ಕೈ ಹಿಡಿದ. ಆಮೇಲೆ ಚಹಾ ಕೇಳಿದ, ಸಕ್ಕರೆ ಕಡಿಮೆಯಾಯಿತೆಂದು ಮನೆಯವರನ್ನೆಲ್ಲ ಬೈದ, ನನ್ನನ್ನು ಹೊಟ್ಟೆ ತುಂಬ ನಗಿಸಿಯೇ ಕಳಿಸಿದ. ಅದೇ ಕೊನೆಯ ಭೇಟಿ. ಅವನ ಮಕ್ಕಳು ಟವಲನ್ನು ಅಂಬಿಗೆ ಕಳಿಸಿಕೊಟ್ಟರು. ಮಾಮಾನೇ ಹೇಳಿದ್ದನಂತೆ.

ಉಮರ್ಗಾದವರು ಬಂದ ದಿನ ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಅವರ ಮಗಳು, ಮುಂದಿನ ಹಲ್ಲು ಬಿದ್ದ ಪುಟ್ಟ ಹುಡುಗಿ, ತೂಫಾನ್‌ನ ಹೊಟ್ಟೆಗೆ ಮುಖ ಒತ್ತಿ ನಿಂತಿದ್ದಳು. ಗಂಡಸರು ಇನ್ನೂ ಚಹಾ ಕುಡಿಯುತ್ತಿದ್ದರು. ಅಂಬಿ ಆ ಹುಡುಗಿಯನ್ನು ಪಕ್ಕಕ್ಕೆ ಕರೆದು, ಅವಳ ಕೈ ಹಿಡಿದು, ಮೇಲೆ ಕೆಂಪು ಚೌಕಳಿ ಟವಲು ಹೊದಿಸಿದಳು. ಹುಡುಗಿ ಕಿಲಕಿಲ ನಕ್ಕಳು. ಅಂಬಿ ನಗಲಿಲ್ಲ, ಮುಖ ಎತ್ತಿ ಮೋಡ ನೋಡಿದಳು. ಸ್ವಲ್ಪ ಹೊತ್ತಿಗೆ "ದಿಯಾ" ಎಂದು ಟವಲು ಸರಿಸಿ, ಬಂದು ತನ್ನ ಅಪ್ಪನಿಗೆ ಒಂದೇ ಒಂದು ಬೆರಳು ತೋರಿಸಿದಳು. ಅವರು ಬಾಯಿ ತೆರೆದರು, ಟವಲು ನೋಡಿದರು, ಸುಮ್ಮನಾದರು.

ತೂಫಾನ್ ಹೋದ ಮೇಲೆ ಖಾಲಿ ಕೊಟ್ಟಿಗೆಯ ಬಾಗಿಲಲ್ಲಿ ಅವಳ ಪಕ್ಕಕ್ಕೆ ಹೋಗಿ ಕೂತೆ. ಅವಳು ಮೂಗು ಒರೆಸಿಕೊಳ್ಳುತ್ತಿದ್ದಳು. ಆ ಹುಡುಗಿ ಮೊದಲು ಎಷ್ಟು ಬೆರಳು ಹಿಡಿದಿದ್ದಳು ಎಂದು ಕೇಳಿದೆ.

ಅಂಬಿ ಟವಲು ಮಡಚಿ ಹೆಗಲಿಗೆ ಹಾಕಿಕೊಂಡಳು. "ಟವಲ್ ಕೆಳಗಿಂದು ಮ್ಯಾಲ ತರಬಾರದವ್ವ" ಅಂದಳು.